ಮಾತು ಕೇಳದ ಫೋನು

ಅಪ್ಪಾ,

ನಿಮ್ಮ ಫೋನನ್ನು ಸರ್ವಿಸ್ ಸೆಂಟರಿನವರು 'ದೋಷವಿಲ್ಲ' ಎಂದು ಏಕೆ ಹಿಂದಿರುಗಿಸಿದರೆಂಬ ಕುತೂಹಲ ತಡೆಯದೆ ನಿನ್ನೆ ಹೋಗಿ ವಿಚಾರಿಸಿದೆ. ದೂರಿನ ಫಾರಂನಲ್ಲಿ ನೀವು 'ಮಾತು ಕೇಳುವುದಿಲ್ಲ' ಎಂದು ಬರೆದಿದ್ದೀರಿ. ರಿಪೇರಿಯವರು ಪಾಪ, ಸ್ಪೀಕರ್ ಪರೀಕ್ಷಿಸಿದ್ದಾರೆ. "ಚೆನ್ನಾಗೇ ಕೇಳ್ಸತ್ತಲ್ಲಮ್ಮಾ, ನಿಮ್ಮಪ್ಪಂಗೆ ಕಿವಿ ಹೇಗಿದೆ?" ಎಂದರು. ಮೂವತ್ತು ವರ್ಷದಿಂದ ನನ್ನ ಬಗ್ಗೆ ಹೇಳುವ ಅರ್ಥದಲ್ಲೇ ಫೋನಿನ ಬಗ್ಗೆಯೂ ಬರೆದಿದ್ದೀರೆಂದು ಅವರಿಗೆ ಹೇಗೆ ಹೊಳೆಯಬೇಕು?

ವಾರಂಟಿ ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ. ತಪ್ಪಿದರೆ ಬದಲಿ ಫೋನಿಲ್ಲ. ಬಿಲ್ಲು, ಡಬ್ಬಿ ಮೇಜಿನ ಮೇಲಿವೆ. ಮಧ್ಯಾಹ್ನದ ನಿದ್ದೆ ನಾಳೆ ಮಾಡಿ.

ಹೊಸ ಫಾರಂನಲ್ಲಿ ಹೀಗೆ ಬರೆಯಿರಿ: 'ಪರದೆಯ ಎಡಭಾಗ ಮುಟ್ಟಿದರೆ ಕೆಲಸ ಮಾಡುವುದಿಲ್ಲ.' ಕೆಳಗೆ ಇನ್ನೂ ನಾಲ್ಕು ಗೆರೆ ಖಾಲಿ ಇರುತ್ತವೆ. ಖಾಲಿಯೇ ಇರಲಿ.