ಕಡ್ಡಿ ಓದದ ಭಾಷಣ

ಆಗಸ್ಟ್ 17, ಭಾನುವಾರ

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ನಿನ್ನ ಹೊಸ ವರ್ಷದ ಕಾರ್ಡ್ ಜನವರಿಯಲ್ಲೇ ಬಂತು. ಅಚ್ಚಾದ ಶುಭಾಶಯ, ಕೆಳಗೆ ನಿನ್ನ ಸಹಿ. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತೇ ಎಂದು ಕೇಳಬೇಡ. ನಾಲ್ಕು ಸಲ ಕೂತೆ. ನಾಲ್ಕು ಸಲವೂ ಹವೆ, ಮಂಡಿನೋವು, ಕಣ್ಣಿನ ಪೊರೆ ಇಷ್ಟು ಮುಗಿದ ಮೇಲೆ ಮುಂದೇನು ಎಂದು ತೋಚದೆ ಎದ್ದುಬಿಟ್ಟೆ. ಮೂವತ್ತೆರಡು ವರ್ಷ ಊರಿಗೆಲ್ಲ ಟೈಪಿಂಗ್ ಕಲಿಸಿದವಳಿಗೆ ಸ್ವಂತದ್ದೊಂದು ಕಾಗದ ಬರೆಯಲು ಬರುವುದಿಲ್ಲ ಎಂದರೆ ನಗುತ್ತೀಯೇನೋ. ನಗು, ಪರವಾಗಿಲ್ಲ.

ಮೊದಲು ಸುದ್ದಿ. ಟೈಪಿಂಗ್ ಕ್ಲಾಸ್ ಮುಚ್ಚಿ ಮೂರು ವರ್ಷವಾಯಿತು. ಯಂತ್ರಗಳಲ್ಲಿ ಒಂದನ್ನು ಮಾತ್ರ ಮನೆಗೆ ತಂದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದು ರೇಡಿಯೋ ಹಾಕುತ್ತೇನೆ. ಏನು ಹೇಳುತ್ತಾರೆಂದು ಕೇಳುವುದಕ್ಕಲ್ಲ, ಮನೆಯಲ್ಲಿ ಇನ್ನೊಂದು ದನಿ ಇರಲಿ ಎಂದು. ಮೊನ್ನೆ ವಾರ್ತೆ ಓದುವವಳು "ನಮಸ್ಕಾರ" ಅಂದಾಗ ಅಡುಗೆಮನೆಯಿಂದ ನಾನೂ "ನಮಸ್ಕಾರ" ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ಕ್ಲಾಸ್ ಮುಚ್ಚಿದ ವರ್ಷವೇ ಇಲ್ಲಿನ ವಾಚನಾಲಯದ ವಿದ್ಯಾರ್ಥಿವೇತನ ಸಮಿತಿಗೆ ನನ್ನನ್ನು ಸೇರಿಸಿಕೊಂಡರು. ಕೈಲಾಗದ ಮನೆಗಳ ಮಕ್ಕಳನ್ನು ಆರಿಸಿ ಓದಿಸುವ ಕೆಲಸ. ನಾವು ಮೂವರೇ. ಬಣ್ಣದ ಅಂಗಡಿಯವರು ಅಧ್ಯಕ್ಷರು, ಔಷಧಿ ಅಂಗಡಿಯವರು ಕಾರ್ಯದರ್ಶಿ, ನಾನು ಟೈಪ್ ಮಾಡುವವಳು. ಅಧ್ಯಕ್ಷರು ಕೆಟ್ಟವರಲ್ಲ. ಮಕ್ಕಳ ಅರ್ಜಿ ಓದುತ್ತಾ ಓದುತ್ತಾ ಕಣ್ಣೊರೆಸಿಕೊಳ್ಳುವ ಮನುಷ್ಯ. ಸಭೆ ಮುಗಿದ ಮೇಲೆ ಮೂವರೂ ಒಂದೇ ರಸ್ತೆಯಲ್ಲಿ ಮಾತಾಡುತ್ತಾ ಮನೆಗೆ ನಡೆಯುತ್ತಿದ್ದೆವು. ನಿಜ ಹೇಳಲೇ? ಆ ಹತ್ತು ನಿಮಿಷದ ನಡಿಗೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ನಾವು ಓದಿಸುವ ಮಕ್ಕಳಿಗೆ ಒಂದೇ ನಿಯಮ. ವಾರಕ್ಕೊಂದು ದಿನ ಊರಿಗೆ ಉಪಯೋಗವಾಗುವ ಏನಾದರೂ ಕೆಲಸ ಮಾಡಬೇಕು. ಹೆಚ್ಚಿನವರು ವಾಚನಾಲಯದಲ್ಲಿ ಪುಸ್ತಕ ಜೋಡಿಸಿ ಹೋಗುತ್ತಾರೆ. ಕಡ್ಡಿ ಮಾತ್ರ ಹಾಗೆ ಮಾಡಲಿಲ್ಲ.

ಕಡ್ಡಿ ಎಂದರೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವಳ ಮಗಳು. ಸಣಕಲು ಹುಡುಗಿ, ಅದಕ್ಕೇ ಅವಳಮ್ಮ ಹಾಗೆ ಕರೆಯುತ್ತಾಳೆ. ಮಾತೂ ಕಡ್ಡಿ ಮುರಿದ ಹಾಗೆಯೇ. ಈ ಹುಡುಗಿ ಶನಿವಾರ ಶನಿವಾರ ವಾರ್ಡ್ ಕಚೇರಿಯ ಮೆಟ್ಟಿಲ ಮೇಲೆ ಕೂತು, ಬರೆಯಲು ಬಾರದವರಿಗೆ ಅರ್ಜಿ ತುಂಬಿಕೊಡುತ್ತಿದ್ದಳು. ಮೊದಮೊದಲು ಕಾವಲುಗಾರ ಎಬ್ಬಿಸಿ ಓಡಿಸಿದನಂತೆ. ಆಮೇಲೆ ಅವನದೇ ಪಿಂಚಣಿಯ ಅರ್ಜಿ ಬರೆದುಕೊಟ್ಟಳು. ಮುಂದಿನ ವಾರ ಅವನೇ ಒಂದು ಸ್ಟೂಲ್ ತಂದಿಟ್ಟ.

ಏಪ್ರಿಲ್‌ನಲ್ಲಿ ನಮ್ಮ ವಾರ್ಷಿಕ ಸಭೆ. ದಾನಿಗಳು ಬರುತ್ತಾರೆ, ವಾರ್ಡ್ ಸದಸ್ಯರು ಬರುತ್ತಾರೆ. ಒಂದು ಮಗು ವೇದಿಕೆ ಹತ್ತಿ ತನ್ನ ಕಷ್ಟದ ಕಥೆ ಹೇಳಿ ಕೃತಜ್ಞತೆ ಸಲ್ಲಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಈ ಸಲ ಕಡ್ಡಿಯ ಸರದಿ. ಭಾಷಣವನ್ನು ನಾನೇ ಬರೆದು ಟೈಪ್ ಮಾಡಿದೆ. ನನಗಿದು ಚೆನ್ನಾಗಿ ಬರುತ್ತದೆ ಎಂದು ನಿನಗೆ ಗೊತ್ತೇ ಇದೆ. ಗಂಡ ಬಿಟ್ಟುಹೋದ ತಾಯಿ, ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಅವಳ ಕೈಗಳು, ಮಗಳ ಪುಸ್ತಕದ ಮೇಲೆ ಬಿದ್ದ ಅವಳ ಕಣ್ಣೀರು, ಎಲ್ಲವನ್ನೂ ಸೇರಿಸಿದ್ದೆ.

ಹುಡುಗಿ ನಮ್ಮ ಮನೆಯ ಬಾಗಿಲಲ್ಲೇ ನಿಂತು ಓದಿದಳು. ಓದಿ, "ಟೀಚರ್, ಇದ್ರಲ್ಲಿ ನಮ್ಮಮ್ಮ ಯಾಕೆ ಅಳ್ತಾ ಇದ್ದಾಳೆ?" ಅಂದಳು.

"ಕಷ್ಟ ಬಂದ್ರೆ ಯಾರಾದ್ರೂ ಅಳ್ತಾರಮ್ಮ."

"ನಮ್ಮಮ್ಮ ಅಳಲ್ಲ. ಬೈತಾಳೆ."

"ಅದನ್ನ ವೇದಿಕೆ ಮೇಲೆ ಹೇಳೋಕಾಗುತ್ತಾ? ಸುಮ್ನೆ ಇದನ್ನೇ ಬಾಯಿಪಾಠ ಮಾಡ್ಕೊ. ಐದು ನಿಮಿಷದ ಮಾತು."

ಅವಳು ಕಾಗದ ಮಡಚಿಟ್ಟುಕೊಂಡು ಹೋದಳು. ಒಪ್ಪಿದಳು ಎಂದೇ ನಾನು ಎಣಿಸಿದೆ.

ಸಭೆಯ ದಿನ ಹಾಲ್ ತುಂಬಿತ್ತು. ಅವಳಮ್ಮ ಅಂಗಡಿಗೆ ಬೀಗ ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಧ್ಯಕ್ಷರು ಕರವಸ್ತ್ರವನ್ನು ಮೊದಲೇ ಕೈಗೆ ತೆಗೆದುಕೊಂಡಿದ್ದರು. ಕಡ್ಡಿ ಮೈಕಿನ ಮುಂದೆ ನಿಂತಳು. ಕೈಯಲ್ಲಿ ನನ್ನ ಕಾಗದ ಇರಲಿಲ್ಲ. ತನ್ನ ನೋಟ್‌ಬುಕ್ ಇತ್ತು.

"ಈ ವರ್ಷ ನಾನು ಇನ್ನೂರ ಹದಿನಾಲ್ಕು ಅರ್ಜಿ ಬರ್ದಿದ್ದೀನಿ," ಎಂದು ಶುರು ಮಾಡಿದಳು. "ಅದರಲ್ಲಿ ಅರವತ್ತೊಂದು ನಮ್ಮ ಹಿಂದಿನ ಗಲ್ಲಿ ನಲ್ಲಿಗೆ ಸಂಬಂಧಪಟ್ಟಿದ್ದು. ಆ ನಲ್ಲೀಲಿ ಒಂದು ವರ್ಷದಿಂದ ನೀರಿಲ್ಲ. ಅರವತ್ತೊಂದಕ್ಕೂ ಉತ್ತರ ಬಂದಿಲ್ಲ. ವಾರ್ಡ್ ಸದಸ್ಯರು ಇಲ್ಲೇ ಇದ್ದಾರೆ. ಸರ್, ಯಾವತ್ತು ಸರಿಯಾಗುತ್ತೆ?"

ವಾರ್ಡ್ ಸದಸ್ಯರು ಕೂತಲ್ಲೇ ಕಸಿವಿಸಿಪಟ್ಟು, "ನೋಡೋಣ, ನೋಡೋಣ" ಅಂದರು. ಅವಳು "ನೋಡೋಣ" ಎಂಬುದನ್ನೂ ದಿನಾಂಕ ಹಾಕಿ ಬರೆದುಕೊಂಡಳು. ಅಧ್ಯಕ್ಷರು ಕೆಳಗಿನಿಂದಲೇ, "ಅಮ್ಮನ ಬಗ್ಗೆ ಎರಡು ಮಾತು ಹೇಳಮ್ಮ" ಎಂದು ನೆನಪಿಸಿದರು.

ಆಗ ಹುಡುಗಿ, "ಅಮ್ಮ ಇಲ್ಲೇ ಕೂತಿದ್ದಾರೆ. ಅವರ ಕಥೆ ಅವರನ್ನೇ ಕೇಳಿ. ಹೇಳಬೇಕು ಅನ್ನಿಸಿದ್ರೆ ಹೇಳ್ತಾರೆ. ನನ್ನ ಓದಿಸ್ತಾ ಇರೋದಕ್ಕೆ ಎಲ್ಲರಿಗೂ ಥ್ಯಾಂಕ್ಸ್" ಎಂದು ಹೇಳಿ ಇಳಿದುಬಿಟ್ಟಳು.

ಅಧ್ಯಕ್ಷರು ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತಮ್ಮಾ, ನನಗೆ ಮೈಯೆಲ್ಲ ಉರಿದುಹೋಯಿತು. ಸಭೆ ಮುಗಿದದ್ದೇ ತಡ, ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ನಿನಗೋಸ್ಕರ ಎಷ್ಟು ಓಡಾಡಿದೀನಿ ಗೊತ್ತಾ? ಒಂದು ಕೃತಜ್ಞತೆ ಬೇಡ್ವಾ?" ಅಂದೆ.

ಅವಳು ಹೆದರಲಿಲ್ಲ, ಎದುರಾಡಲೂ ಇಲ್ಲ. ಮೆಲ್ಲಗೆ ಹೇಳಿದಳು. "ಥ್ಯಾಂಕ್ಸ್ ದಿನಾ ಬೇಕಾದ್ರೂ ಹೇಳ್ತೀನಿ ಟೀಚರ್. ಆದ್ರೆ ಇವರೆಲ್ಲ ನಾಳೆ ನಮ್ಮಂಗಡಿಗೆ ಬಟ್ಟೆ ತರ್ತಾರೆ. ನಮ್ಮಮ್ಮ ಇವರ ಮುಖ ನೋಡ್ಬೇಕು. ಅಳೋ ಹೆಂಗಸಾಗಿ ಹೇಗೆ ನೋಡ್ತಾಳೆ?"

ಆಗ ಅವಳಮ್ಮ ಬಂದಳು. ನನ್ನನ್ನು ನೋಡಿ ತಲೆಯಾಡಿಸಿ, ಮಗಳಿಗೆ "ನಡಿಯೇ, ಅಂಗಡಿ ತೆಗೀಬೇಕು" ಅಂದಳು. ಇಬ್ಬರೂ ಹೋದರು. ನಾನು ಸೈಕಲ್‌ಗಳ ನಡುವೆ ಎಷ್ಟು ಹೊತ್ತು ನಿಂತಿದ್ದೆನೋ, ವಾಚನಾಲಯದವರು ಗೇಟು ಹಾಕಲು ಬಂದಾಗಲೇ ಎಚ್ಚರವಾದದ್ದು.

(ರಾತ್ರಿ ಇಲ್ಲಿಗೆ ನಿಲ್ಲಿಸಿ ಊಟ ಮಾಡಿ ಮಲಗಿದೆ. ಈಗ ಸೋಮವಾರ ಬೆಳಿಗ್ಗೆ.)

ಮುಂದಿನ ವಾರ ಸಮಿತಿ ಸೇರಿತು. ಕಡ್ಡಿಗೆ ಕಾಲೇಜಿನಲ್ಲಿ ಸೀಟು ಸಿಗುವುದರಲ್ಲಿತ್ತು, ಬೇರೆ ಊರಿನಲ್ಲಿ. ನಾವು ಮುಂದುವರಿಸದಿದ್ದರೆ ಅವಳು ಇಸ್ತ್ರಿ ಅಂಗಡಿಗೇ ನಿಲ್ಲಬೇಕು. ಅಧ್ಯಕ್ಷರು, "ಉಪಕಾರ ಸ್ಮರಣೆ ಇಲ್ಲದವರನ್ನ ಓದಿಸಿ ಏನು ಬಂತು?" ಅಂದರು. ಔಷಧಿ ಅಂಗಡಿಯವರು, "ಅಧ್ಯಕ್ಷರು ಹೇಳಿದ ಹಾಗೆ" ಅಂದರು. ನಿರ್ಣಯ ಟೈಪ್ ಮಾಡಬೇಕಾದವಳು ನಾನು. ವಾಚನಾಲಯದ ಯಂತ್ರಕ್ಕೆ ಕಾಗದ ಏರಿಸಿದೆ. ಬೆರಳು ಇಟ್ಟೆ. ಒತ್ತಲು ಆಗಲಿಲ್ಲ.

"ಸರ್, ಮುಂದಿನ ವರ್ಷ ನೀವು ಮಾತಾಡಿ," ಅಂದೆ. "ನಿಮ್ಮ ಮನೇಲೂ ಏನಾದ್ರೂ ಕಷ್ಟ ಇದ್ದಿರುತ್ತಲ್ಲ. ಹೇಳಿ, ನಾನು ಚೆನ್ನಾಗಿ ಬರೆದುಕೊಡ್ತೀನಿ. ನಿಮ್ಮ ಹೆಂಡತಿ, ಸೊಸೆಯಂದಿರನ್ನ ಮುಂದಿನ ಸಾಲಲ್ಲಿ ಕೂರಿಸೋಣ."

ಅವರ ಮುಖ ಕೆಂಪಾಯಿತು. ಕಿರುಚುತ್ತಾರೆ ಎಂದುಕೊಂಡೆ. ಮೇಜಿನ ಅಂಚನ್ನು ಉಜ್ಜಿದರು. ಆಮೇಲೆ, "ನಮ್ಮಪ್ಪನ ವಿಷಯ ನಾನು ಇವತ್ತಿನವರೆಗೂ ಯಾರ ಹತ್ರಾನೂ ಆಡಿಲ್ಲ" ಅಂದರು. ಪೆನ್ನು ಕೇಳಿ ಕಡ್ಡಿಯ ಅರ್ಜಿಗೆ ಸಹಿ ಹಾಕಿದರು. ಇನ್ನು ಮೇಲೆ ಯಾವ ಮಗುವಿನಿಂದಲೂ ಅಂಥ ಭಾಷಣ ಮಾಡಿಸಬಾರದು ಎಂದು ನಾನು ಅಲ್ಲೇ ಟೈಪ್ ಮಾಡಿಕೊಟ್ಟ ಇನ್ನೊಂದು ಹಾಳೆಗೂ ಹಾಕಿದರು. ನನ್ನ ಮುಖ ನೋಡದೆ ಎದ್ದು ಹೋದರು.

ಅಂದಿನಿಂದ ಸಭೆಗಳು ಬಣ್ಣದ ಅಂಗಡಿಯಲ್ಲೇ ನಡೆಯುತ್ತವಂತೆ, ಜಾಗ ಅನುಕೂಲ ಎಂದು. ನನಗೆ ಹೇಳಿಕಳಿಸುವುದಿಲ್ಲ. ರಸ್ತೆಯಲ್ಲಿ ಸಿಕ್ಕರೆ ಔಷಧಿ ಅಂಗಡಿಯವರು "ಮಂಡಿನೋವು ಹೇಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ದಾಟಿಹೋಗುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಸಂಜೆ ಮಾತ್ರ ಉದ್ದವಾಗಿದೆ.

ಹಿಂದಿನ ಗಲ್ಲಿಯ ನಲ್ಲಿ ಜೂನ್‌ನಲ್ಲಿ ಸರಿಯಾಯಿತು. ನೀರು ಬಂದ ದಿನ ಹೆಂಗಸರು ಬಿಂದಿಗೆ ಇಟ್ಟುಕೊಂಡು ಜಗಳವಾಡುತ್ತಿದ್ದ ಸದ್ದು ನನ್ನ ಅಡುಗೆಮನೆಗೇ ಕೇಳಿಸಿತು. ಕಿಟಕಿ ತೆರೆದಿಟ್ಟು ಕೇಳುತ್ತಾ ಕೂತೆ.

ಕಡ್ಡಿ ಕಳೆದ ವಾರ ಹಾಸ್ಟೆಲಿಗೆ ಹೊರಟಳು. ಹೋಗುವ ಮುಂಚೆ ಬಂದು ಹೇಳಿಹೋಗುತ್ತಾಳೆ ಎಂದು ನಾನು ಬೆಳಿಗ್ಗೆಯಿಂದ ಕಾದೆ. ಸಮಿತಿಯಲ್ಲಿ ನಡೆದದ್ದು ಅವಳ ಕಿವಿಗೆ ಬಿದ್ದಿರಬಹುದು ಎಂಬ ಆಸೆ. ಎರಡು ಲೋಟ ತೊಳೆದಿಟ್ಟೆ. ಮಧ್ಯಾಹ್ನ ತಡೆಯಲಾರದೆ, ಇಸ್ತ್ರಿಯಾಗಿದ್ದ ಬೆಡ್‌ಶೀಟನ್ನೇ ಮತ್ತೆ ಇಸ್ತ್ರಿಗೆ ಕೊಡುವ ನೆಪ ಮಾಡಿಕೊಂಡು ಅಂಗಡಿಗೆ ಹೋದೆ. "ಬೆಳಿಗ್ಗೆ ಆರರ ಬಸ್ಸಿಗೇ ಹೋದ್ಲಲ್ಲ ಟೀಚರ್," ಅಂದಳು ಅವಳಮ್ಮ. ಬೆಡ್‌ಶೀಟನ್ನು ತಿರುಗಿಸಿ ನೋಡಿದಳು, ಏನೂ ಕೇಳದೆ ನೀರು ಚಿಮುಕಿಸಿ ಇನ್ನೊಮ್ಮೆ ತೀಡಿಕೊಟ್ಟಳು.

ಮನೆಗೆ ಬಂದು ಸ್ವಲ್ಪ ಅತ್ತೆ, ಸುಳ್ಳೇಕೆ ಹೇಳಲಿ. ಆಮೇಲೆ ಅನ್ನಿಸಿತು, ಆ ಹುಡುಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮುಂದೆ ನೋಡುತ್ತಾ ಹೋಗಿರುತ್ತಾಳೆ. ನನ್ನ ನೆನಪು ಅವಳ ಹೆಗಲ ಮೇಲೆ ಇಲ್ಲ. ಅದೇ ಸರಿ. ಹಾಗೆಯೇ ಹೋಗಬೇಕು.

ಕಾಗದ ಉದ್ದವಾಯಿತು. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ನಿನ್ನ ಮಗಳನ್ನು ನಾನು ಫೋಟೋದಲ್ಲೂ ನೋಡಿಲ್ಲ, ಆದರೂ ಅವಳಿಗೊಂದು ಮುತ್ತು. ನೀನು ವೇಳೆಗೆ ಸರಿಯಾಗಿ ಊಟ ಮಾಡು. ನೀನಿರುವ ಮನೆಯಲ್ಲಿ ಸದಾ ಮಾತು, ನಗು, ಜಗಳ ತುಂಬಿರಲಿ. ನನ್ನಿಂದ ಕೊಡಲು ಉಳಿದಿರುವುದು ಇಷ್ಟು ಹಾರೈಕೆಯೇ.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲೆಂದೇ ಮೇಲಿನ ಅಷ್ಟನ್ನೂ ಬರೆದೆ. ನಿನ್ನ ಮದುವೆಯ ದಿನ ಊಟದ ಹಾಲ್‌ನಲ್ಲಿ, ನಿನ್ನ ಅತ್ತೆ ಮಾವ, ಕಚೇರಿಯವರು ಎಲ್ಲರ ಎದುರು ನಾನು ಎದ್ದು ನಿಂತು ಮಾತಾಡಿದೆ. ಅಪ್ಪ ಅಮ್ಮ ಹೋದ ಮೇಲೆ ನಾನು ಕಾಲೇಜು ಬಿಟ್ಟು ನಿನ್ನನ್ನು ಓದಿಸಿದ್ದು, ನೀನು ಸತ್ತವರ ಮನೆಯಿಂದ ಬಂದ ಷರಟು ತೊಟ್ಟು ಶಾಲೆಗೆ ಹೋದದ್ದು, ಹಸಿವಿಗೆ ಗೆಳೆಯನ ಬುತ್ತಿ ಕದ್ದು ಸಿಕ್ಕಿಬಿದ್ದಾಗ ನಾನು ಹೆಡ್‌ಮಾಸ್ಟರರ ಕಾಲು ಹಿಡಿದದ್ದು, ಒಂದನ್ನೂ ಬಿಡದೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನೀನು ತಟ್ಟೆ ಬಿಟ್ಟು ಎದ್ದು ಹೋದೆ. ಹನ್ನೊಂದು ವರ್ಷ ನಾನು ಅದನ್ನು ನಿನ್ನ ಸೊಕ್ಕು ಎಂದುಕೊಂಡಿದ್ದೆ. ನಿನ್ನನ್ನು ಓದಿಸಿದ್ದು ನಾನು, ನಿಜ. ಆದರೆ ಆ ಹಸಿವು ನಿನ್ನದು ಕಣೋ, ಅದನ್ನು ನಾನು ಹೇಳಬಾರದಿತ್ತು. ಕ್ಷಮಿಸಿಬಿಡು. ಇದಕ್ಕೆ ಉತ್ತರ ಬರೆಯಲೇಬೇಕೆಂದು ಇಲ್ಲ.