ರಂಜಿತನ ಬಟ್ಟಲಲ್ಲಿ ಇದ್ದದ್ದು

ಲೇಕ್ ಮಾರ್ಕೆಟ್, ಕೋಲ್ಕತ್ತಾ
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಅನ್ವಿತಾ,

ಆಶೀರ್ವಾದ ಆಮೇಲೆ, ಮೊದಲು ಸಿಟ್ಟು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯಲ್ಲ, ನಿನಗೆ ಬುದ್ಧಿ ಉಂಟಾ? ನಿನ್ನೆ ಫೋನಿನಲ್ಲಿ ಮುಕ್ಕಾಲು ಗಂಟೆ ಎಲ್ಲ ಹೇಳಿದ್ದೇನೆ. ಅದು ನಡೆಯುವುದಿಲ್ಲವಂತೆ. ಕೈಯಲ್ಲೇ ಬರೆದು, ತಾರೀಕು ಹಾಕಿ, ಸಹಿ ಮಾಡಬೇಕಂತೆ. ಕನ್ನಡವಾದರೂ ಆದೀತು, ಆಫೀಸಿನವರು ಇಂಗ್ಲಿಷ್ ಮಾಡಿಸುತ್ತಾರಂತೆ. ಇಲ್ಲಿ ಇಡ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತಾ ಉಂಟು.

ಇಂಗ್ಲಿಷ್ ಮಾಡುವವರಿಗೂ ತಿಳಿಯಲಿ ಅಂತ ಮೊದಲಿನಿಂದ ಬರೆಯುತ್ತೇನೆ. ನಾನು ಸುಗುಣಾ, ಅನ್ವಿತಾಳ ದೊಡ್ಡಮ್ಮ. ಉಡುಪಿ ಕಡೆಯವಳು. ನಲವತ್ತೊಂದು ವರ್ಷದಿಂದ ಇಲ್ಲಿ ಊಟದ ಮೆಸ್ ನಡೆಸುತ್ತಿದ್ದೇನೆ. ಹೊಸ ಔಷಧಿಯನ್ನು ಮೊದಲಿಗೆ ಗಟ್ಟಿಮುಟ್ಟಾದವರಿಗೆ ಕೊಟ್ಟು ನೋಡುವ ನಿಮ್ಮ ಟಾಲಿಗಂಜ್ ಕೇಂದ್ರಕ್ಕೆ ಊಟ ಹೋಗುವುದು ನನ್ನ ಅಡುಗೆಮನೆಯಿಂದ. ಅನ್ನ ಇಷ್ಟು ಗ್ರಾಂ, ಬೇಳೆ ಇಷ್ಟು ಗ್ರಾಂ, ಒಗ್ಗರಣೆ ಇಲ್ಲ, ಉಪ್ಪು ಹೆಸರಿಗೆ. ಅದನ್ನು ಊಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಳೆದ ತಿಂಗಳು ಅಲ್ಲಿ ಹದಿನೆಂಟು ಜನ ಇದ್ದರು. ಎಲ್ಲರಿಗೂ ಒಂದೇ ಮಾತ್ರೆ. ರಾಸ್‌ಬಿಹಾರಿಯಲ್ಲಿ ಆಟೋ ಓಡಿಸುವ ರಂಜಿತನ ರಕ್ತದಲ್ಲಿ ಮಾತ್ರ ಔಷಧಿ ಎರಡು ಪಟ್ಟು ಬಂತು. ಒಂದು ಬಡಿತ ಮುಗಿಸಿ ಹೃದಯ ಮುಂದಿನದಕ್ಕೆ ಸಜ್ಜಾಗಲು ಹಿಡಿಯುವ ಹೊತ್ತು ಅವನಿಗೆ ಉದ್ದವಾಯಿತು. ಅದು ಮಿತಿಮೀರಿದರೆ ಬಡಿತ ತಪ್ಪಿ ಮನುಷ್ಯ ಬಿದ್ದೇ ಹೋಗಬಹುದಂತೆ. ಎರಡು ದಿನ ಎದೆಗೆ ವಯರು ಅಂಟಿಸಿ ಮಲಗಿಸಿ, ಸರಿಯಾದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ನಿಮ್ಮ ವಿಶ್ವನಾಥ ಡಾಕ್ಟರು ಎಲ್ಲರ ಎದುರು ಏನಂದರು? ಬೇರೆ ಮಾತ್ರೆ ನುಂಗಿ ಮುಚ್ಚಿಟ್ಟಿದ್ದೀಯ, ನಿನ್ನಂಥವರಿಂದ ಇಡೀ ಪರೀಕ್ಷೆ ಹಾಳು ಅಂತ. ಸುಳ್ಳು ಹೇಳಿದವನು ಅಂತ ಅವನ ಹೆಸರನ್ನು, ಮತ್ತೆ ಸೇರಿಸಿಕೊಳ್ಳಬಾರದವರ ಪಟ್ಟಿಗೆ ಹಾಕುತ್ತಾರಂತೆ. ಮೊನ್ನೆ ಅವನು ಮೆಸ್ಸಿಗೆ ಬಂದು, ಇಲ್ಲಿ ಎಲ್ಲರೂ ನನ್ನನ್ನು ಕರೆಯುವ ಹಾಗೆ ಮಾಶಿಮಾ ಅಂತ ಕರೆದು, ಮಗಳ ಮೇಲೆ ಆಣೆ, ನಾನು ಏನೂ ನುಂಗಿಲ್ಲ ಅಂತ ಅತ್ತ. ಮೂವತ್ತೊಂದು ವರ್ಷದ ಗಂಡಸು, ಗಿರಾಕಿಗಳ ನಡುವೆ ನಿಂತು!

ನೀನು ಮೊದಲು ಕೇಳಿದಾಗ, ಊಟದ ಪಟ್ಟಿಯಲ್ಲಿ ಇದ್ದದ್ದನ್ನೇ ಕಳಿಸಿದ್ದು ಅಂತ ನಾನು ಅಂದೆ. ಹೌದು, ಡಬ್ಬಿಯಲ್ಲಿ ಕಳಿಸಿದ್ದು ಅದನ್ನೇ. ಕೈಚೀಲದಲ್ಲಿ ಏನಿತ್ತು ಅಂತ ನೀನು ಕೇಳಲಿಲ್ಲ.

ಮಾತ್ರೆ ಕೊಡುವ ಹಿಂದಿನ ಸಂಜೆ ಬಡಿಸಲು ನಾನೇ ಹೋಗಿದ್ದೆ. ಅದಕ್ಕೂ ಹಿಂದಿನ ದಿನ ರಂಜಿತ ತಟ್ಟೆ ತಳ್ಳಿ, ಮಾಶಿಮಾ, ಔಷಧಿಯ ತನಕ ಯಾಕೆ, ಈ ಬೇಳೆಯೇ ನನ್ನನ್ನು ಕೊಲ್ಲುತ್ತದೆ ಅಂದಿದ್ದ. ಅದಕ್ಕೆ ಎರಡು ಚಕ್ಕೋತ, ಇಲ್ಲಿಯವರ ಬಾತಾಬಿ ಲೇಬು, ಬಿಡಿಸಿ ಉಪ್ಪು, ಸಕ್ಕರೆ, ಹಸಿಮೆಣಸು ಕಲಸಿಕೊಂಡು ಹೋದೆ. ಉಳಿದವರು ಒಂದೊಂದು ತೊಳೆ ತಿಂದರು. ಬಟ್ಟಲು ಖಾಲಿ ಮಾಡಿದ್ದು ರಂಜಿತ.

ಔಷಧಿಯನ್ನು ಹೊಟ್ಟೆಯಲ್ಲೇ ಅಷ್ಟಿಷ್ಟು ಕರಗಿಸಿ ಮುಗಿಸುವ ಶಕ್ತಿಯನ್ನು ಈ ಹಣ್ಣು ಕಟ್ಟಿಹಾಕುತ್ತದೆ, ಅದಕ್ಕೇ ರಕ್ತಕ್ಕೆ ಅಷ್ಟೊಂದು ಏರಿದ್ದು ಅಂತ ನಿನ್ನೆ ನೀನೇ ಹೇಳಿದೆ. ಇನ್ನೊಂದನ್ನೂ ನೀನೇ ಹೇಳಿದೆ. ರಕ್ತದಲ್ಲಿ ಔಷಧಿ ಎಷ್ಟು, ಹೃದಯದ ಹೊತ್ತು ಎಷ್ಟು ಉದ್ದವಾಯಿತು ಅಂತ ಒಬ್ಬೊಬ್ಬರಿಗೆ ಚುಕ್ಕೆ ಇಟ್ಟು ಗೆರೆ ಎಳೆಯುವುದು ನಿನ್ನ ಕೆಲಸ. ರಂಜಿತನ ಚುಕ್ಕೆ ದೂರ ಹೋಗಿದ್ದರೂ ಗೆರೆಯ ಮೇಲೆಯೇ ಉಂಟು. ಅಷ್ಟು ಔಷಧಿ ಯಾರ ರಕ್ತದಲ್ಲಿದ್ದರೂ ಅಷ್ಟೇ ಆಗುತ್ತಿತ್ತು. ಹೃದಯಕ್ಕೆ ತಾಗುವ ಬೇರೆ ಮಾತ್ರೆ ನುಂಗಿದ್ದರೆ ಚುಕ್ಕೆ ಗೆರೆ ಬಿಟ್ಟು ಹಾರಬೇಕಿತ್ತು.

ಗೆರೆಯ ವಿಷಯ ಇಷ್ಟು ಗೊತ್ತಿದ್ದವಳು ಕಳೆದ ಮೀಟಿಂಗಿನಲ್ಲಿ ಯಾಕೆ ಬಾಯಿಗೆ ಬೀಗ ಹಾಕಿ ಕೂತೆ? ದೊಡ್ಡ ಡಾಕ್ಟರು ಹೇಳಿದ ಮೇಲೆ ನಾನೇನು ಹೇಳುವುದು ದೊಡ್ಡಮ್ಮ ಅಂತೀಯ. ನಿನ್ನನ್ನು ಓದಿಸಿದ್ದು ತಲೆ ಆಡಿಸಲಿಕ್ಕಾ?

ನಿಮ್ಮ ಕಾಗದದಲ್ಲಿ ಗ್ರೇಪ್‌ಫ್ರೂಟ್, ಚಕ್ಕೋತದ ಜಾತಿಯ ಆ ಪರದೇಶದ ಹಣ್ಣು, ತಿನ್ನಬಾರದು ಅಂತ ಇತ್ತಂತೆ. ಲೇಕ್ ಮಾರ್ಕೆಟಿನಲ್ಲಿ ಯಾರ ಬುಟ್ಟಿಯಲ್ಲಿ ಅದು ಉಂಟು, ಬಂದು ತೋರಿಸು. ಬೀದಿಬೀದಿಯಲ್ಲಿ ಮಾರುವ ಚಕ್ಕೋತದ ಹೆಸರು ಬರೆಯಲು ನಿಮಗೆ ಶಾಯಿ ಸಾಲಲಿಲ್ಲವಾ? ಅದನ್ನು ಕೊಡಬಾರದು ಅಂತ ನನಗೆ ಯಾರೂ ಹೇಳಲಿಲ್ಲ.

ಊಟದ ಕೆಲಸ ನನ್ನಿಂದ ಕಿತ್ತುಕೊಳ್ಳುತ್ತೀರಾ, ಕಿತ್ತುಕೊಳ್ಳಿ. ರಂಜಿತನ ಹೆಸರು ಆ ಪಟ್ಟಿಗೆ ಹೋಗಬಾರದು. ವಿಶ್ವನಾಥ ಡಾಕ್ಟರು ಅವನನ್ನು ಕರೆಸಿ, ಎಲ್ಲರ ಎದುರು ಅಂದದ್ದನ್ನು ಎಲ್ಲರ ಎದುರೇ ವಾಪಸ್ಸು ತೆಗೆದುಕೊಳ್ಳಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಶೀರ್ವಾದ.

ನಿನ್ನ ದೊಡ್ಡಮ್ಮ,
ಸುಗುಣಾ

ತಾ.ಕ.: ಯಾರೂ ಹೇಳಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ವಾರ್ಡಿನ ನರ್ಸ್ ಗೌರಿ ಮೊದಲ ದಿನವೇ, ಮಾಶಿಮಾ, ಬಾತಾಬಿ ಕೂಡ ತರಬೇಡಿ ಅಂತ ಎರಡು ಸಲ ಹೇಳಿದ್ದಳು. ಹಣ್ಣು ತಿಂದು ಯಾರಿಗೆ ಏನಾಗುತ್ತದೆ ಅಂತ ನಕ್ಕೆ. ಅವಳ ಕಣ್ಣು ತಪ್ಪಿಸಲಿಕ್ಕೇ ಕೈಚೀಲದಲ್ಲಿ ಒಯ್ದದ್ದು. ನಾನು ಸುಮ್ಮನಿದ್ದರೆ ನಾಳೆ, ನೀನೇಕೆ ಹೇಳಲಿಲ್ಲ ಅಂತ ಅವಳನ್ನು ಹಿಡಿಯುತ್ತೀರಿ. ಇದನ್ನೂ ಇಂಗ್ಲಿಷ್ ಮಾಡಿಸಿ ಮೀಟಿಂಗಿನಲ್ಲಿ ನೀನೇ ಎದ್ದು ನಿಂತು ಓದಬೇಕು. ಮೀಟಿಂಗು ಹತ್ತೊಂಬತ್ತಕ್ಕೆ. ಓದುತ್ತೀಯೋ ಇಲ್ಲವೋ, ಹದಿನೆಂಟನೇ ತಾರೀಕು ಗುರುವಾರದೊಳಗೆ ಉತ್ತರ ಬರಬೇಕು.