ಹಾಡಿದವರ ಹೆಸರು

ಸಂಜೀವ,

ಇಪ್ಪತ್ತಾರು ವರ್ಷಗಳ ನಂತರ ನಮ್ಮ ಗಿಟಾರ್ ಬ್ಯಾಂಡನ್ನು ಯಾರೋ ಕೇಳಿದ್ದಾರೆ. ಬೆಂಗಳೂರಿನ ಕಂಪನಿಯೊಂದು ಜನ ಮರೆತ ಪಾಪ್ ಬ್ಯಾಂಡ್‌ಗಳ ಹಾಡುಗಳನ್ನು ಹುಡುಕಿ ಸಿ.ಡಿ. ಸಂಗ್ರಹ ಹೊರತಂದಿದೆ. ಅದರಲ್ಲಿ ನಮ್ಮ ಕ್ಯಾಸೆಟ್ಟಿನ ನಾಲ್ಕು ಹಾಡುಗಳಿವೆ. ರಾಯಚೂರಿನಲ್ಲಿ ಆ ಕ್ಯಾಸೆಟ್ಟು ಕೊಂಡ ಕೆಲವರೂ ಅದರ ಮೇಲೆ ಭಜನೆ ತುಂಬಿಸಿಕೊಂಡಿದ್ದರು, ನೆನಪಿದೆಯಲ್ಲ?

ನಿನ್ನೆ ಅದನ್ನು ಹಿಡಿದು ಮಾನ್ವಿಗೆ, ನಿಮ್ಮವ್ವನ ಹತ್ತಿರ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಹಾಡು ಹಚ್ಚಿದೆ. ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ನಿಂತಿತು.

“ಸಂಜ್ಯಾ ಅಲ್ಲೇನು? ಎಷ್ಟು ಒದರ್ತೀಯೋ ಅಂತ ಬೈತಿದ್ನಿ,” ಎಂದಳು. ಆಮೇಲೆ ಸಿ.ಡಿ. ಜೊತೆಗಿನ ಪುಸ್ತಿಕೆ ಹಿಡಿದು, “ಯಪ್ಪಾ, ಇದ್ರಾಗ ಅವನ ಹೆಸರು ಎಲ್ಲದ?” ಎಂದು ಕೇಳಿದಳು.

ಅಂದು ಕ್ಯಾಸೆಟ್ಟಿನ ಕವರು ಬರೆದವನು ನಾನು. ಹಾಡು ಬರೆಯುವಾಗ ‘ಬೇಸರ’ಕ್ಕೆ ‘ನೇಸರ’ ಎಂಬ ಪ್ರಾಸ ಹುಡುಕಲು ಎರಡು ದಿನ ತಿಣುಕಿದ್ದೆ. ನೀನು ಹಾಡುವಾಗ ‘ಸೂರ್ಯ’ ಅಂದುಬಿಟ್ಟೆ. ಆ ಸಿಟ್ಟಿಗೆ ನಿನ್ನ ಹೆಸರನ್ನೇ ಬಿಟ್ಟೆ. ನೀನು ಯಾಕೆಂದು ಕೇಳಲಿಲ್ಲ. ಕಂಪನಿಯವರು ಆ ಕವರು ನೋಡಿಯೇ ‘ಸಾಹಿತ್ಯ’ದ ಮುಂದೆ ನನ್ನ ಹೆಸರು, ‘ಗಾಯನ’ದ ಮುಂದೆ ‘ಗೊತ್ತಿಲ್ಲ’ ಎಂದು ಅಚ್ಚು ಹಾಕಿದ್ದಾರೆ.

ಅವ್ವನಿಗೆ ಓದಲು ಬರುವುದಿಲ್ಲ. ‘ಗೊತ್ತಿಲ್ಲ’ದ ಮೇಲೆ ಬೆರಳಿಟ್ಟು, “ಇಲ್ಲೇ ಅದ ನೋಡಬೇ ಯವ್ವಾ,” ಎಂದೆ.

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. “ಕುಂದ್ರಪಾ, ದಾನೇಶ್ವರಿ ಸಾಲಿಯಿಂದ ಬರ್ಲಿ. ಅಪ್ಪನ ಹೆಸರು ಅಕಿ ಕೈಲೇ ಓದಿಸ್ತೀನಿ.”

ನಿನ್ನ ಮಗಳ ಶಾಲೆ ಬಿಡಲು ಇನ್ನೂ ಅರ್ಧ ಗಂಟೆಯಿತ್ತು. ನಾನು ಸಿಕ್ಕ ಬಸ್ಸು ಹತ್ತಿ ರಾಯಚೂರಿಗೆ ಬಂದುಬಿಟ್ಟೆ.